ಎಲ್ಲ ಕಣ್ಣಿಗೂ ಒಂದೇ ಮಾತ್ರೆಯೇ?



ಕಳೆದ ಸರ್ವಸದಸ್ಯರ ಸಭೆಯಲ್ಲಿ ಒಂದು ಠರಾವು ಪಾಸಾಯಿತು. ಯುಗಾದಿ ಊಟದ ಲೆಕ್ಕದಲ್ಲಿ ಉಳಿದ ಹಣದಿಂದ ನಮ್ಮ ಕೂಟದ ಕುಟುಂಬಗಳಲ್ಲಿ ಕಣ್ಣು ಕಾಣದ ಹಿರಿಯರಿಗೆಲ್ಲ ತಲಾ ಒಂದೊಂದು ದೊಡ್ಡ ಟ್ಯಾಬ್ಲೆಟ್ ಕೊಡುವುದು. ರಾಜ್ಯೋತ್ಸವದ ದಿನ ವೇದಿಕೆಗೆ ಕರೆದು, ಶಾಲು ಹೊದಿಸಿ, ಫೋಟೋ ಹಿಡಿದು ಕೈಗೊಪ್ಪಿಸುವುದು. ಚಪ್ಪಾಳೆ ಜೋರಾಗಿಯೇ ಬಿತ್ತು. ಸೂಚಿಸಿದವರು, ಅನುಮೋದಿಸಿದವರು, ಚಪ್ಪಾಳೆ ತಟ್ಟಿದವರು ಎಲ್ಲರೂ ಕಣ್ಣಿದ್ದವರು. ಆ ವಸ್ತುವನ್ನು ಬಳಸಬೇಕಾದವರನ್ನು ಮಾತ್ರ ಯಾರೂ ಒಂದು ಮಾತು ಕೇಳಲಿಲ್ಲ.

ಬಳಸಬೇಕಾದವರು ನಾವು. ಈ ಕೂಟದಲ್ಲಿ ದೃಷ್ಟಿಯಿಲ್ಲದೆ ಬದುಕು ನಡೆಸುತ್ತಿರುವ ಕೆಲವರು ಕೂಡಿ ಈ ಪತ್ರ ಬರೆಯುತ್ತಿದ್ದೇವೆ. ನಮ್ಮಲ್ಲಿ ಹುಟ್ಟಿನಿಂದ ಕಾಣದವರಿದ್ದಾರೆ, ಸಕ್ಕರೆ ಕಾಯಿಲೆಯಿಂದ ಕಣ್ಣು ಕಳೆದುಕೊಂಡವರಿದ್ದಾರೆ, ಗ್ಲಾಕೋಮಾದಿಂದ ಅರ್ಧ ಕಳೆದುಕೊಂಡು ಇನ್ನರ್ಧ ಕಾಪಾಡಿಕೊಂಡವರೂ ಇದ್ದಾರೆ. ಕಾರ್ಯಕಾರಿ ಸಮಿತಿಯ ಒಳ್ಳೆಯ ಮನಸ್ಸಿನ ಬಗ್ಗೆ ನಮಗೆ ಎಳ್ಳಷ್ಟೂ ಅನುಮಾನವಿಲ್ಲ. ಆದರೆ ಈ ಠರಾವು ತಪ್ಪು. ಅದನ್ನು ಬದಲಾಯಿಸಬೇಕು. ಏಕೆಂಬುದನ್ನು ವಿವರವಾಗಿಯೇ ಹೇಳುತ್ತೇವೆ.

ಸಭೆಯಲ್ಲಿ ಕೇಳಿಬಂದ ಕಾರಣ ಒಂದೇ: "ಪಾಪ, ಕಣ್ಣು ಕಾಣೋದಿಲ್ಲ, ದೊಡ್ಡ ಪರದೆ ಇದ್ದರೆ ಅನುಕೂಲ." ಕೇಳುವುದಕ್ಕೆ ಎಷ್ಟು ಸರಿಯಾಗಿದೆ! ಆದರೆ ಸ್ವಾಮಿ, ಸ್ವಲ್ಪ ಯೋಚಿಸಿ. ಪರದೆ ಇರುವುದು ಕಣ್ಣಿಗೆ. ಕಣ್ಣೇ ಇಲ್ಲದವನಿಗೆ ಅದು ಆರು ಅಂಗುಲವಿದ್ದರೇನು, ಹದಿಮೂರು ಅಂಗುಲವಿದ್ದರೇನು? ಕುರುಡನ ಕೈಗೆ ಕನ್ನಡಿ ಕೊಟ್ಟ ಹಾಗೆ ಎಂಬ ಗಾದೆಯನ್ನು ನಮ್ಮ ಜನ ನಮ್ಮನ್ನು ಆಡಿಕೊಳ್ಳಲು ಬಳಸುತ್ತ ಬಂದಿದ್ದಾರೆ. ನಾವು ಕೇಳುವುದು ಇಷ್ಟೆ: ಅಲ್ಲಿ ತಪ್ಪು ಯಾರದು? ಕನ್ನಡಿ ತೆಗೆದುಕೊಂಡವನದೋ, ಕೊಟ್ಟವನದೋ?

ನಾವು ಈ ಗಾಜಿನ ಹಲಗೆಯನ್ನು ಬಳಸುವ ಬಗೆ ಬಹಳ ಮಂದಿಗೆ ತಿಳಿಯದು. 2009ರ ಜೂನ್‌ನಲ್ಲಿ ಬಂದ ಐಫೋನ್ 3ಜಿಎಸ್‌ನಲ್ಲಿ ವಾಯ್ಸ್‌ಓವರ್ ಎಂಬ ಓದುವ ಧ್ವನಿಯನ್ನು ಒಳಗೇ ಸೇರಿಸಿ ಕೊಟ್ಟರು. ಅದೇ ವರ್ಷ ಆಂಡ್ರಾಯ್ಡ್‌ಗೆ ಟಾಕ್‌ಬ್ಯಾಕ್ ಬಂತು. ಅದಕ್ಕೂ ಮೊದಲು ಕಂಪ್ಯೂಟರ್ ಮಾತಾಡಬೇಕಾದರೆ ಹೆಚ್ಚಾಗಿ ನೂರಾರು ಡಾಲರ್ ತೆತ್ತು ಬೇರೆ ತಂತ್ರಾಂಶ ಕೊಳ್ಳಬೇಕಾಗುತ್ತಿತ್ತು. ಈಗ ಅದು ಪುಕ್ಕಟೆ. ಗಾಜಿನ ಮೇಲೆ ಬೆರಳಾಡಿಸಿದರೆ ಬೆರಳಿನ ಕೆಳಗೆ ಏನಿದೆಯೋ ಅದನ್ನು ಫೋನ್ ಹೇಳುತ್ತದೆ. ಬೇಕಾದ್ದು ಸಿಕ್ಕಾಗ ಎರಡು ಸಲ ತಟ್ಟಿದರೆ ತೆರೆದುಕೊಳ್ಳುತ್ತದೆ. ಬೆರಳನ್ನು ಬಲಕ್ಕೆ ಚಿಮ್ಮಿಸಿದರೆ ಮುಂದಿನದು, ಎಡಕ್ಕೆ ಚಿಮ್ಮಿಸಿದರೆ ಹಿಂದಿನದು. ಇಷ್ಟೇ ವಿದ್ಯೆ. ಇದನ್ನು ಕಲಿತರೆ ಪತ್ರ ಓದಬಹುದು, ಬ್ಯಾಂಕಿನ ಲೆಕ್ಕ ನೋಡಬಹುದು, ಮೈಸೂರಿನಲ್ಲಿರುವ ತಂಗಿಗೆ ಫೋನ್ ಮಾಡಬಹುದು.

ಈಗ ಇದನ್ನು ಅಳತೆಗೆ ಹೊಂದಿಸಿ ನೋಡಿ. ಕಣ್ಣು ಒಂದೇ ನೋಟಕ್ಕೆ ಇಡೀ ಪುಟವನ್ನು ಹಿಡಿಯುತ್ತದೆ. ಕಿವಿ ಹಾಗಲ್ಲ; ಅದಕ್ಕೆ ಒಂದಾದ ಮೇಲೆ ಒಂದು ಬರಬೇಕು. ಐಪ್ಯಾಡಿನಲ್ಲಿ ಅಂಚೆ ತೆರೆದರೆ ಎಡಗಡೆ ಪತ್ರಗಳ ಪಟ್ಟಿ, ಬಲಗಡೆ ಪತ್ರದ ಒಡಲು, ಎರಡೂ ಒಟ್ಟಿಗೆ ಹರಡಿಕೊಳ್ಳುತ್ತವೆ. ನಿಮಗೆ ಅದು ಅನುಕೂಲ. ನಮಗೆ ಅದು ಒಂದು ಕೋಣೆ ಸಾಕಿದ್ದ ಕಡೆ ಎರಡು ಕೋಣೆ. ಯಾವ ಕೋಣೆಯಲ್ಲಿ ನಿಂತಿದ್ದೇವೆಂದು ಪ್ರತಿ ಸಲವೂ ಹುಡುಕಬೇಕು. ಫೋನಿನಲ್ಲಾದರೆ ಮೊದಲು ಪಟ್ಟಿ ಮಾತ್ರ. ಒಂದನ್ನು ತಟ್ಟಿದರೆ ಆ ಪತ್ರ ಮಾತ್ರ. ಕಿವಿಗೆ ಬೇಕಾದ ಸಾಲು ಅದೇ.

ಬೆರಳಿನ ಪ್ರಯಾಣವನ್ನೂ ಲೆಕ್ಕ ಹಾಕಿ. ಅಂಗೈಯಲ್ಲಿ ಹಿಡಿಯುವ ಫೋನಿನ ನಾಲ್ಕು ಅಂಚೂ ಕೈಗೆ ಸಿಗುತ್ತವೆ. ಕರೆಯ ಗುಂಡಿ ಕೆಳಗಿನ ಎಡಮೂಲೆಯಲ್ಲಿದೆ ಎಂದು ಒಮ್ಮೆ ಕಲಿತರೆ ಹೆಬ್ಬೆರಳು ತಾನಾಗಿ ಅಲ್ಲಿಗೆ ಹೋಗುತ್ತದೆ. ಊಟದ ತಟ್ಟೆಯಷ್ಟು ಅಗಲದ ಗಾಜಿನ ಮೇಲೆ ಗುರುತು ಹಿಡಿಯಲು ಏನಿದೆ? ನುಣ್ಣಗಿನ ಬಯಲು. ಜೊತೆಗೆ ಇನ್ನೊಂದು ಪೇಚು. ಐಪ್ಯಾಡನ್ನು ಯಾವ ಕಡೆ ತಿರುಗಿಸಿ ಹಿಡಿದರೂ ಅದರ ಮುಖಪುಟವೂ ಜೊತೆಗೇ ತಿರುಗುತ್ತದೆ. ನಿಮಗೆ ಇದು ಕಾಣುತ್ತದೆ. ಮಡಿಲಲ್ಲಿಟ್ಟುಕೊಂಡ ಅಜ್ಜಿಗೆ ನಿನ್ನೆ ಬಲಮೂಲೆಯಲ್ಲಿದ್ದದ್ದು ಇವತ್ತು ಎಲ್ಲಿಗೆ ಹೋಯಿತೆಂದೇ ತಿಳಿಯುವುದಿಲ್ಲ. ತಿರುಗದಂತೆ ಬೀಗ ಹಾಕುವ ವ್ಯವಸ್ಥೆ ಇದೆ, ನಿಜ. ಆದರೆ ಕೊಟ್ಟವರಲ್ಲಿ ಎಷ್ಟು ಮಂದಿ ಅದನ್ನು ಹಾಕಿ ಕೊಡುತ್ತಾರೆ?

ತೂಕದ ಮಾತಿಗೆ ಬರೋಣ. ಸಾಮಾನ್ಯ ಅಳತೆಯ ಐಪ್ಯಾಡ್ ಹತ್ತಿರ ಹತ್ತಿರ ಅರ್ಧ ಕಿಲೋ. ಫೋನ್ ಸುಮಾರು 170ರಿಂದ 200 ಗ್ರಾಂ. ಹೊರಗೆ ಹೊರಟಾಗ ನಮ್ಮ ಒಂದು ಕೈಯಲ್ಲಿ ಬಿಳಿ ಕೋಲು ಇರುತ್ತದೆ, ಅದನ್ನು ಬಿಡುವಂತಿಲ್ಲ. ಉಳಿದದ್ದು ಒಂದೇ ಕೈ. ಆ ಒಂದು ಕೈಯಲ್ಲಿ ಅರ್ಧ ಕಿಲೋದ ಹಲಗೆ ಹಿಡಿದುಕೊಂಡು ಅದರ ಮೇಲೆ ಬೆರಳಾಡಿಸಲು ಮೂರನೆಯ ಕೈ ಎಲ್ಲಿಂದ ತರುವುದು? ಫೋನಾದರೆ ಅಂಗಿಯ ಜೇಬಿನಲ್ಲಿ ಕೂರುತ್ತದೆ, ಒಂದು ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡರೆ ದಾರಿ ಹೇಳುತ್ತದೆ. ಟ್ಯಾಬ್ಲೆಟ್ ಕೂಡ ದಾರಿ ಹೇಳುವುದಿಲ್ಲವೇ ಎಂದರೆ, ಸಮಿತಿಯವರು ಗಮನಿಸಬೇಕಾದ ಒಂದು ವಿಷಯವಿದೆ. ಕಡಿಮೆ ಬೆಲೆಗೆ ಸಿಗುವ, ಬರೀ ವೈಫೈ ಇರುವ ಐಪ್ಯಾಡಿನಲ್ಲಿ ಜಿಪಿಎಸ್ ಇರುವುದೇ ಇಲ್ಲ. ಸೆಲ್ಯುಲಾರ್ ಮಾದರಿಯಲ್ಲಿ ಮಾತ್ರ ಇದೆ, ಅದರ ಬೆಲೆ ಬೇರೆ. ಠರಾವಿನಲ್ಲಿ ಬರೆದಿರುವುದು ವೈಫೈ ಮಾದರಿ. ಅಂದರೆ ಮನೆಯ ಸೋಫಾ ಬಿಟ್ಟು ಏಳಬೇಡಿ ಎಂದು ಹೇಳಿ ಕೊಟ್ಟ ಉಡುಗೊರೆ.

ಇನ್ನೊಂದು ಸಣ್ಣ ಸಂಗತಿ. ಕಣ್ಣಿದ್ದವರಿಗೆ ಹೊಳೆಯುವುದೇ ಇಲ್ಲ. ಫೋನ್ ಅದುರುತ್ತದೆ, ಐಪ್ಯಾಡ್ ಅದುರುವುದಿಲ್ಲ. ಅದರೊಳಗೆ ಆ ಯಂತ್ರವನ್ನೇ ಇಟ್ಟಿಲ್ಲ. ಮುಖಪುಟಕ್ಕೆ ಹೋಗಲು ಕೆಳಗಿನ ಅಂಚಿನಿಂದ ಬೆರಳು ಮೇಲೆಳೆಯುವಾಗ, ಎಲ್ಲಿ ನಿಲ್ಲಿಸಬೇಕೆಂದು ಐಫೋನ್ ಸಣ್ಣಗೆ ಅದುರಿ ಬೆರಳಿಗೇ ಹೇಳುತ್ತದೆ. ಮುಖಪುಟದ ದುಂಡು ಗುಂಡಿಯನ್ನು ಹೊಸ ಸಾಧನಗಳಿಂದ ತೆಗೆದುಹಾಕಿದ ಮೇಲೆ ನಮಗೆ ಉಳಿದ ದೊಡ್ಡ ಆಸರೆ ಈ ಅದುರುವಿಕೆ. ಕಣ್ಣಿನ ಜೊತೆ ಕಿವಿಯೂ ಮಂದವಾಗಿರುವ ಹಿರಿಯರಿಗಂತೂ ಇದು ಬಲು ಮುಖ್ಯ.

ಕ್ಯಾಮೆರಾ ವಿಷಯ. ಕುರುಡರಿಗೆ ಕ್ಯಾಮೆರಾ ಯಾಕೆ ಎಂದು ನಗುವವರಿದ್ದಾರೆ. ನಾವು ದಿನಕ್ಕೆ ಹತ್ತು ಸಲ ಬಳಸುವುದು ಅದನ್ನೇ. ಡೆನ್ಮಾರ್ಕಿನಲ್ಲಿ ಶುರುವಾಗಿ 2015ರಲ್ಲಿ ಹೊರಬಂದ ಬಿ ಮೈ ಐಸ್ ಎಂಬ ವ್ಯವಸ್ಥೆಯಲ್ಲಿ, ಎಲ್ಲೋ ಕುಳಿತ ಸ್ವಯಂಸೇವಕರು ನಮ್ಮ ಫೋನಿನ ಕ್ಯಾಮೆರಾ ಮೂಲಕ ನೋಡಿ, ಕೈಯಲ್ಲಿರುವುದು ಯಾವ ಮಾತ್ರೆ, ಹಾಲಿನ ಡಬ್ಬದ ಮೇಲಿನ ತಾರೀಖು ಯಾವುದು ಎಂದು ಹೇಳುತ್ತಾರೆ. 2017ರಲ್ಲಿ ಬಂದ ಸೀಯಿಂಗ್ ಎಐ ಎಂಬುದು ಅಚ್ಚಾದ ಇಂಗ್ಲಿಷನ್ನು ತಾನೇ ಓದುತ್ತದೆ. ಕಾಗದ ಓದಿಸುವುದಕ್ಕೆ ನಮ್ಮದೊಂದು ಉಪಾಯವಿದೆ: ಫೋನನ್ನು ಕಾಗದದ ನಡುವೆ ಚಪ್ಪಟೆಯಾಗಿ ಇಟ್ಟು, ನೆಟ್ಟಗೆ ಒಂದು ಅಡಿ ಮೇಲೆತ್ತುವುದು. ಸಾಮಾನ್ಯವಾಗಿ ಕಾಗದ ಪೂರಾ ಸಿಗುತ್ತದೆ. ಟ್ಯಾಬ್ಲೆಟ್ಟಿನಲ್ಲಿ ಇದೇ ಉಪಾಯ ಮಾಡಿದರೆ, ಕ್ಯಾಮೆರಾ ಮೂಲೆಯಲ್ಲಿರುವುದರಿಂದ, ಅರ್ಧ ಕಾಗದ ಮತ್ತು ಅರ್ಧ ಊಟದ ಮೇಜು ಬರುತ್ತದೆ. ಸಾರಿನ ಪುಡಿಯ ಡಬ್ಬ ಯಾವುದು, ಮೆಣಸಿನ ಪುಡಿಯ ಡಬ್ಬ ಯಾವುದು ಎಂದು ಕೇಳಲು ಆ ಹಲಗೆಯನ್ನು ಅಡಿಗೆಮನೆಯಲ್ಲಿ ಎತ್ತಿ ಹಿಡಿದು ನೋಡಿ, ಗೊತ್ತಾಗುತ್ತದೆ.

ಬ್ರೈಲ್ ಬಲ್ಲವರಿಗೆ ಇನ್ನೂ ಒಂದು ಲಾಭವಿದೆ. ಐಫೋನಿನಲ್ಲಿ 2014ರಿಂದ, ಟಾಕ್‌ಬ್ಯಾಕಿನಲ್ಲಿ 2020ರಿಂದ, ಗಾಜಿನ ಮೇಲೆಯೇ ಆರು ಚುಕ್ಕೆ ಒತ್ತಿ ಬರೆಯಬಹುದು. ಫೋನಿನ ಮುಖವನ್ನು ಹೊರಕ್ಕೆ ತಿರುಗಿಸಿ, ಎರಡೂ ಕೈಗಳಲ್ಲಿ ಹಿಡಿದು, ಮೂರು ಮೂರು ಬೆರಳಿನಿಂದ ಒತ್ತುವುದು. ನಿಂತಲ್ಲೇ, ಬಸ್ಸಿನಲ್ಲೇ ಬರೆಯಬಹುದು. ದೊಡ್ಡ ಟ್ಯಾಬ್ಲೆಟ್ ಆದರೆ ಮೇಜಿನ ಮೇಲೆ ಮಲಗಿಸಿಯೇ ಬರೆಯಬೇಕು.

ಹಾಗಾದರೆ ಟ್ಯಾಬ್ಲೆಟ್ ಯಾರಿಗೂ ಬೇಡವೇ? ಬೇಕು. ಬೇಕಾದವರು ನಮ್ಮಲ್ಲೇ ಇದ್ದಾರೆ, ಅವರ ಮಾತನ್ನೂ ಇಲ್ಲಿ ಸೇರಿಸಿದ್ದೇವೆ.

ಮೊದಲನೆಯದಾಗಿ, ಸ್ವಲ್ಪ ಕಾಣುವವರು. ವಯಸ್ಸಿನಿಂದ ಕಣ್ಣಿನ ನಡುಭಾಗ ಸವೆದು ಅಂಚು ಉಳಿದವರಿಗೆ ಅಕ್ಷರವನ್ನು ನಾಲ್ಕೈದು ಪಟ್ಟು ಹಿಗ್ಗಿಸಿದರೆ ಓದಲು ಬರುತ್ತದೆ. ಹಾಗೆ ಹಿಗ್ಗಿಸಿದಾಗ ಫೋನಿನ ಒಂದು ಸಾಲಿನಲ್ಲಿ ಕನ್ನಡದ ಮೂರು ನಾಲ್ಕು ಅಕ್ಷರ ಹಿಡಿದರೆ ಹೆಚ್ಚು. ನಮ್ಮ ಲಿಪಿಗೆ ಕೆಳಗೆ ಒತ್ತಕ್ಷರದ ಸಂಸಾರವೂ ಉಂಟಲ್ಲ. ಅದು ತಲೆಯಕ್ಷರಕ್ಕಿಂತ ಚಿಕ್ಕದು, ಅದು ಕಾಣದಿದ್ದರೆ ಪದವೇ ಬೇರೆಯಾಗುತ್ತದೆ. ಇಂಥವರಿಗೆ ಟ್ಯಾಬ್ಲೆಟ್ಟೇ ಸರಿ, ದೊಡ್ಡದಾದಷ್ಟೂ ಸರಿ. ಆದರೆ ಗ್ಲಾಕೋಮಾದಿಂದ ಅಂಚು ಹೋಗಿ ಕೊಳವೆಯಲ್ಲಿ ನೋಡಿದಂತೆ ನಡುವೆ ಮಾತ್ರ ಕಾಣುವವರಿಗೆ ಇದು ತಿರುಗುಮುರುಗು. ಹಿಗ್ಗಿಸಿದಷ್ಟೂ ಆ ಕೊಳವೆಯೊಳಗೆ ಹಿಡಿಯುವ ಅಕ್ಷರ ಕಡಿಮೆ, ಪರದೆ ಅಗಲವಾದಷ್ಟೂ ಹುಡುಕಾಟ ಹೆಚ್ಚು. ಇಬ್ಬರನ್ನೂ ಜನ "ಕಣ್ಣು ಸರಿಯಿಲ್ಲದವರು" ಎಂದೇ ಕರೆಯುತ್ತಾರೆ. ಇಬ್ಬರಿಗೂ ಒಂದೇ ಸಾಧನ ಹೇಗೆ ಒಪ್ಪುತ್ತದೆ?

ಎರಡನೆಯದಾಗಿ, ಕೈ ನಡುಗುವವರು. ಪಾರ್ಕಿನ್‌ಸನ್ ಇರುವವರ ಬೆರಳಿಗೆ ಗುಂಡಿಗಳ ನಡುವೆ ಜಾಗ ಬೇಕು. ಟ್ಯಾಬ್ಲೆಟ್ಟನ್ನು ಮೇಜಿನ ಮೇಲೆ ಸ್ಟ್ಯಾಂಡಿಗೆ ಒರಗಿಸಿಟ್ಟರೆ ಹಿಡಿಯುವ ಕಷ್ಟವೂ ಇಲ್ಲ. ಮೂರನೆಯದಾಗಿ, ಓದುವ ಮಕ್ಕಳು. ಅಂಕಿಗಳ ಅಡ್ಡಸಾಲು ಉದ್ದಸಾಲು, ಭೂಪಟ ಮೊದಲಾದವುಗಳಲ್ಲಿ ಯಾವುದು ಯಾವುದರಿಂದ ಎಷ್ಟು ದೂರ ಎಂಬುದನ್ನು ಬೆರಳಿನಿಂದ ತಿಳಿಯಲು ಅಗಲವಾದ ಗಾಜು ಒಳ್ಳೆಯದು. ನಾಲ್ಕು ಬೆರಳಿನಿಂದ ತಟ್ಟುವ ಸನ್ನೆಗಳಿಗೂ ಸಣ್ಣ ಫೋನಿನಲ್ಲಿ ಜಾಗ ಇಕ್ಕಟ್ಟು. ಮತ್ತೂ ಒಂದು: ಹೊಸ ಐಫೋನ್‌ಗಳು ಬೀಗ ತೆರೆಯಲು ಮುಖ ಕೇಳುತ್ತವೆ, ಆದರೆ ಐಪ್ಯಾಡುಗಳ ಹಲವು ಮಾದರಿಗಳಲ್ಲಿ ಮೇಲಿನ ಗುಂಡಿಗೆ ಬೆರಳಿಟ್ಟರೆ ಸಾಕು. ಮುಖವನ್ನು ಕ್ಯಾಮೆರಾಕ್ಕೆ ಸರಿಯಾಗಿ ಹಿಡಿಯುವುದು ಕಷ್ಟವಾದವರಿಗೆ ಇದು ಹಗುರ.

ಹೀಗೆ ಒಬ್ಬೊಬ್ಬರದು ಒಂದೊಂದು. ಟ್ಯಾಬ್ಲೆಟ್ ಎಂದರೆ ನಮ್ಮ ಕಾಲದಲ್ಲಿ ಮಾತ್ರೆ ಎಂದು ಅರ್ಥವಿತ್ತು. ಯಾವ ವೈದ್ಯನೂ ನಾಡಿ ಹಿಡಿಯದೆ ಎಲ್ಲರಿಗೂ ಒಂದೇ ಮಾತ್ರೆ ಬರೆದುಕೊಡುವುದಿಲ್ಲ.

"ಹೊಸ ಐಫೋನಿಗಿಂತ ಸಾಧಾರಣ ಐಪ್ಯಾಡ್ ಅಗ್ಗ, ಕೂಟದ ಹಣ ಮಿತ" ಎಂದು ಖಜಾಂಚಿಗಳು ಹೇಳಬಹುದು. ಅಗ್ಗ ಹೌದು. ಆದರೆ ಹಿಂದಿನ ವರ್ಷದ ಫೋನುಗಳು, ದುರಸ್ತಿ ಮಾಡಿ ಖಾತರಿ ಸಮೇತ ಮಾರುವ ಫೋನುಗಳು, ಸಾಧಾರಣ ಆಂಡ್ರಾಯ್ಡ್ ಫೋನುಗಳು ಇವೆಯಲ್ಲ? ಹಿಂದೆ ಫೋನಿನ ಬಾಡಿಗೆ ಬೇಡ ಎನ್ನುವವರಿಗೆ ಐಪಾಡ್ ಟಚ್ ಎಂಬ ಚಿಕ್ಕ ಸಾಧನವಿತ್ತು. ಅದನ್ನು 2022ರಲ್ಲಿ ನಿಲ್ಲಿಸಿಬಿಟ್ಟರು. ಚಿಂತೆಯಿಲ್ಲ, ಸಿಮ್ ಹಾಕದ ಫೋನ್ ಮನೆಯ ವೈಫೈಯಲ್ಲಿ ಅದೇ ಕೆಲಸ ಮಾಡುತ್ತದೆ, ಅದರಲ್ಲಿ ಜಿಪಿಎಸ್ಸೂ ಇರುತ್ತದೆ. ಅಷ್ಟೇ ಅಲ್ಲ, ಅಮೆರಿಕದ ನಿಯಮದಂತೆ ಸಿಮ್ ಇಲ್ಲದ ಫೋನಿನಿಂದಲೂ 911ಕ್ಕೆ ಕರೆ ಹೋಗಬೇಕು. ಮಗ ಸೊಸೆ ಕೆಲಸಕ್ಕೆ ಹೋಗಿ, ಮೊಮ್ಮಕ್ಕಳು ಶಾಲೆಗೆ ಹೋಗಿ, ದಿನವಿಡೀ ಒಬ್ಬರೇ ಮನೆಯಲ್ಲಿರುವ ಅಮ್ಮ ಬಚ್ಚಲಲ್ಲಿ ಜಾರಿ ಬಿದ್ದರೆ ಜೇಬಿನ ಫೋನ್ ಕೈಗೆ ಸಿಗುತ್ತದೆ. ಹಜಾರದ ಮೇಜಿನ ಮೇಲಿರುವ ಹದಿಮೂರು ಅಂಗುಲ ಅಲ್ಲೇ ಇರುತ್ತದೆ.

ಇನ್ನು ಕನ್ನಡದ ಮಾತು. ಕನ್ನಡ ಕೂಟದ ಠರಾವಿನಲ್ಲಿ ಇದರ ಪ್ರಸ್ತಾಪವೇ ಇಲ್ಲದಿರುವುದು ನಮಗೆ ಎಲ್ಲಕ್ಕಿಂತ ಹೆಚ್ಚು ಬೇಸರ ತಂದಿದೆ. ದೊಡ್ಡದೋ ಚಿಕ್ಕದೋ ಎಂಬುದಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ, ಈ ಸಾಧನ ಕನ್ನಡ ಮಾತಾಡುತ್ತದೆಯೇ ಎಂಬುದು. ಆಂಡ್ರಾಯ್ಡ್‌ನಲ್ಲಿ ಗೂಗಲ್ಲಿನ ಕನ್ನಡ ಧ್ವನಿ ಇದೆ. ಉಚಿತವಾಗಿ ಸಿಗುವ ಈಸ್ಪೀಕ್ ಕೂಡ ಕನ್ನಡ ಓದುತ್ತದೆ. ಉಚ್ಚಾರ ಯಂತ್ರದ ಹಾಗಿದ್ದರೂ ಅರ್ಥವಾಗುತ್ತದೆ. ಬಾಯಲ್ಲಿ ಕನ್ನಡ ಹೇಳಿ ಬರೆಸುವ ಸೌಕರ್ಯವನ್ನು ಗೂಗಲ್ 2017ರಲ್ಲೇ ಕೊಟ್ಟಿದೆ. ಐಫೋನ್ ಮತ್ತು ಐಪ್ಯಾಡಿಗೆ ಕನ್ನಡ ಧ್ವನಿ ಬಂದದ್ದು 2022ರಲ್ಲಿ, ಹದಿನಾರನೆಯ ಆವೃತ್ತಿಯಲ್ಲಿ. ಇದು ಬಹಳ ಮುಖ್ಯ. ಏಕೆಂದರೆ ನಮ್ಮ ಮನೆಗಳಲ್ಲಿ ಒಂದು ರೂಢಿ ಇದೆ: ಮಕ್ಕಳಿಗೆ ಹೊಸದು ಬಂದಾಗ ಡ್ರಾಯರಿನಲ್ಲಿ ಬಿದ್ದ ಹಳೆಯ ಟ್ಯಾಬ್ಲೆಟ್ ಅಜ್ಜ ಅಜ್ಜಿಯ ಪಾಲು. ಐಪ್ಯಾಡ್ ಏರ್ 2, ಐಪ್ಯಾಡ್ ಮಿನಿ 4, ಐಫೋನ್ 7, ಇವೆಲ್ಲ ಹದಿನೈದನೆಯ ಆವೃತ್ತಿಗೇ ನಿಂತವು. ಹದಿನಾರನೆಯದು ಅವಕ್ಕೆ ಏರುವುದಿಲ್ಲ. ಇಂಗ್ಲಿಷ್ ಬಾರದ ಅಜ್ಜಿಗೆ ಕನ್ನಡ ಬಾರದ ಸಾಧನ ಕೊಟ್ಟು, ಮೂರು ತಿಂಗಳಾದ ಮೇಲೆ "ಕೊಡಿಸಿದ್ದೆವು, ಕಲಿಯಲಿಲ್ಲ" ಎನ್ನುವುದು ಯಾವ ನ್ಯಾಯ?

ಕಲಿಯಲಿಲ್ಲ ಎಂಬ ದೂರನ್ನು ನಾವು ತುಂಬ ಕೇಳಿದ್ದೇವೆ. ಎಷ್ಟು ಮಂದಿ ಪಕ್ಕದಲ್ಲಿ ಕುಳಿತು ಕಲಿಸಿದ್ದಾರೆ? ಕಲಿಸುವಾಗಲೂ ಕಣ್ಣಿದ್ದವರು "ಇಲ್ಲಿ ಒತ್ತಿ, ಅಲ್ಲ, ಇಲ್ಲಿ" ಎಂದು ಹಿರಿಯರ ಬೆರಳು ಹಿಡಿದು ಎಳೆಯುತ್ತಾರೆ. ಬೆರಳನ್ನು ಎಳೆಯಬೇಡಿ. ಧ್ವನಿ ಏನು ಹೇಳಿತೆಂದು ಕೇಳಿಸಿಕೊಳ್ಳಲು ಬಿಡಿ. ಮಾತಿನ ವೇಗವನ್ನು ತಗ್ಗಿಸಿ. ಮೊದಲ ವಾರ ಕರೆ ಮಾಡುವುದು, ಕರೆ ತೆಗೆದುಕೊಳ್ಳುವುದು ಎರಡೇ ಕಲಿಸಿ. ವಾಯ್ಸ್‌ಓವರಿನಲ್ಲಿ ಎರಡು ಬೆರಳಿನಿಂದ ಎರಡು ಸಲ ಎಲ್ಲಿ ತಟ್ಟಿದರೂ ಬಂದ ಕರೆಯನ್ನು ತೆಗೆದುಕೊಳ್ಳುತ್ತದೆ. ಗುಂಡಿ ಹುಡುಕುವುದೇ ಬೇಡ. ಎಂಬತ್ತು ದಾಟಿದವರೂ ಇದನ್ನು ಕಲಿತಿದ್ದಾರೆ, ನಮ್ಮ ನಡುವೆಯೇ ಇದ್ದಾರೆ.

ಈ ಎಲ್ಲ ಕಾರಣಗಳಿಂದ ಸಮಿತಿಗೆ ನಮ್ಮ ಬೇಡಿಕೆಗಳು ಇವು.

ಒಂದು, ಎಲ್ಲರಿಗೂ ಒಂದೇ ದೊಡ್ಡ ಟ್ಯಾಬ್ಲೆಟ್ ಎಂಬ ಮಾತನ್ನು ಠರಾವಿನಿಂದ ತೆಗೆಯಿರಿ. ಆ ಮೊತ್ತದಲ್ಲಿ ಅವರವರಿಗೆ ಬೇಕಾದ ಸಾಧನ ಎಂದು ತಿದ್ದಿರಿ. ಏನೂ ಕಾಣದವರಿಗೆ, ಕೈ ಸ್ಥಿರವಾಗಿದ್ದರೆ, ಫೋನನ್ನೇ ಮೊದಲು ತೋರಿಸಿ. ಸ್ವಲ್ಪ ಕಾಣುವವರಿಗೆ ಎರಡನ್ನೂ ತೋರಿಸಿ.

ಎರಡು, ಕೊಳ್ಳುವ ಮೊದಲು ಬಳಸುವವರನ್ನು ಅಂಗಡಿಗೆ ಕರೆದುಕೊಂಡು ಹೋಗಿ. ಅಲ್ಲಿಟ್ಟಿರುವ ಮಾದರಿಗಳಲ್ಲಿ ವಾಯ್ಸ್‌ಓವರನ್ನೋ ಟಾಕ್‌ಬ್ಯಾಕನ್ನೋ ಶುರುಮಾಡಿಸಿ. ಅರ್ಧ ಗಂಟೆ ಅವರ ಕೈಗೆ ಬಿಡಿ. ಕನ್ನಡದ ಒಂದು ಪುಟವನ್ನು ಓದಿಸಿ ನೋಡಿ. ಅಂಗಡಿಯವರ ಮಾತು ನಂಬಬೇಡಿ, ನಿಮ್ಮ ಕಿವಿಯನ್ನು ನಂಬಿ.

ಮೂರು, ಸಾಧನಕ್ಕೆ ಖರ್ಚು ಮಾಡುವಷ್ಟೇ ಶ್ರದ್ಧೆಯನ್ನು ಕಲಿಸುವುದಕ್ಕೂ ಕೊಡಿ. ನಮ್ಮ ಹರೆಯದ ಮಕ್ಕಳು ಸ್ವಯಂಸೇವೆಯ ಗಂಟೆಗಳಿಗೆ ಎಲ್ಲೆಲ್ಲೋ ಅಲೆಯುತ್ತಾರೆ. ವಾರಕ್ಕೆ ಒಂದು ಗಂಟೆ ಒಬ್ಬ ಹಿರಿಯರ ಜೊತೆ ಕೂರಲಿ. ಮಕ್ಕಳ ಕನ್ನಡವೂ ಸುಧಾರಿಸುತ್ತದೆ.

ನಾಲ್ಕು, ಸಾಧನ ಯಾವುದಾದರೂ ಅದಕ್ಕೆ ಓದಲು ಏನಾದರೂ ಬೇಕಲ್ಲವೇ? ಕೂಟದ ಕರೆಯೋಲೆಗಳನ್ನು ಹೂಬಳ್ಳಿ ಬಿಡಿಸಿದ ಚಿತ್ರ ಮಾಡಿ ವಾಟ್ಸಾಪಿನಲ್ಲಿ ಕಳಿಸುತ್ತೀರಿ. ವಾಯ್ಸ್‌ಓವರ್ ಅದನ್ನು ಚಿತ್ರ ಎಂದಷ್ಟೇ ಹೇಳಬಹುದು, ಬಹಳವೆಂದರೆ ಅಲ್ಲೊಂದು ಇಲ್ಲೊಂದು ಇಂಗ್ಲಿಷ್ ಪದ ಹೆಕ್ಕಿ ಹೇಳೀತು. ಹಳೆಯ ಬರಹ, ನುಡಿ ಅಕ್ಷರಗಳಲ್ಲಿ ಟೈಪು ಮಾಡಿದ ಪುಟವನ್ನು ಹಾಗೆಯೇ ಕಳಿಸಿದರೆ ಅದು ನಮಗೆ ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿಯಾಗಿ ಕೇಳುತ್ತದೆ. ಚಿತ್ರದ ಕೆಳಗೆ ದಿನ, ಸಮಯ, ಸ್ಥಳ, ಇಷ್ಟನ್ನು ಯೂನಿಕೋಡ್ ಕನ್ನಡದಲ್ಲಿ ನಾಲ್ಕು ಸಾಲು ಬರೆಯಿರಿ. ಜೆರಾಕ್ಸ್ ಮಾಡಿ ಅಂಚೆಗೆ ಹಾಕುವ ಈ ಸುದ್ದಿಪತ್ರವನ್ನೂ ಅದೇ ರೀತಿ ಇಮೇಲಿನಲ್ಲಿ ಕಳಿಸಿದರೆ ಬೇರೆಯವರಿಂದ ಓದಿಸಿಕೊಳ್ಳುವ ಹಂಗು ನಮಗೆ ತಪ್ಪುತ್ತದೆ. ಇದಕ್ಕೆ ಕಾಸು ಖರ್ಚಿಲ್ಲ.

ಕೊನೆಯದಾಗಿ ವೇದಿಕೆಯ ವಿಚಾರ. ಶಾಲು ಬೇಡವೆನ್ನುವುದಿಲ್ಲ, ಚಳಿಗೆ ಆದೀತು. ಆದರೆ ಸಾಧನವನ್ನು ಮನೆಗೇ ತಂದುಕೊಟ್ಟು, ಒಂದು ಗಂಟೆ ಕುಳಿತು, ಮೊದಲ ಕರೆಯನ್ನು ಅವರ ಕೈಯಿಂದಲೇ ಮಾಡಿಸಿ ಹೋಗುವವರಿಗೆ ನಮ್ಮ ಗೌರವ ಹೆಚ್ಚು. ಠರಾವಿನ ತಿದ್ದುಪಡಿಯನ್ನು ಮುಂದಿನ ಸಭೆಗೆ ನಾವೇ ಮಂಡಿಸುತ್ತೇವೆ. ಅನುಮೋದಿಸುವವರು ಯಾರಾದರೂ ಮುಂಚಿತವಾಗಿ ಫೋನ್ ಮಾಡಿ ತಿಳಿಸಿದರೆ ಉಪಕಾರವಾಗುತ್ತದೆ. ಫೋನ್ ನಮ್ಮ ಜೇಬಿನಲ್ಲೇ ಇರುತ್ತದೆ.

ಇಂತು,
ಕೂಟದ ದೃಷ್ಟಿಯಿಲ್ಲದ ಸದಸ್ಯರು